ಬ್ರಿಸ್ಟಲ್‌ನ ಹಳೆಯ ರಂಗಮಂದಿರ: ನಾಟಕದ ಮನೆಗೆ ಸಂಗೀತ ಕಛೇರಿಯ ಸೋಗು ಏಕೆ?

ಹವ್ಯಾಸಿ (ಪ್ರಶ್ನೆ):
ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕಿಂಗ್ ಸ್ಟ್ರೀಟಿನಲ್ಲಿರುವ ಥಿಯೇಟರ್ ರಾಯಲ್ ಅನ್ನು ಕಳೆದ ತಿಂಗಳು ನೋಡಿಬಂದೆ. ಈಗ ಎಲ್ಲರೂ ಅದನ್ನು ಬ್ರಿಸ್ಟಲ್ ಓಲ್ಡ್ ವಿಕ್ ಎಂದೇ ಕರೆಯುತ್ತಾರೆ. 1766ರ ಮೇ 30ರಂದು ಬಾಗಿಲು ತೆರೆದ ಆ ಮನೆಯಲ್ಲಿ ಇಂದಿಗೂ ನಾಟಕಗಳು ನಡೆಯುತ್ತಿವೆ. ನನಗೆ ಎರಡು ಸಂಗತಿಗಳು ಬಗೆಹರಿಯಲಿಲ್ಲ. ಮೊದಲನೆಯದು, ಆರಂಭದ ಪ್ರದರ್ಶನವನ್ನು ನಾಟಕವೆಂದು ಸಾರದೆ, ಸಂಗೀತ ಕಛೇರಿ ಮತ್ತು ವಾಗ್ಮಿತೆಯ ಒಂದು ಮಾದರಿ ಎಂಬರ್ಥದ ಮಾತುಗಳಲ್ಲಿ ಸಾರಿದ್ದರಂತೆ. ಎರಡನೆಯದು, ಆ ಕಾಲದಲ್ಲಿ ರಂಗಮಂದಿರವು ಮನೆಗಳ ಸಾಲಿನ ಹಿಂದೆ ಅಡಗಿತ್ತು ಎಂದು ಓದಿದ್ದೇನೆ. ಆದರೆ ನಾನು ಕಂಡದ್ದು ಎತ್ತರದ ಕಂಬಗಳುಳ್ಳ, ಅರಮನೆಯಂಥ ಮುಂಭಾಗವನ್ನು. ತಿಳಿದವರು ದಯವಿಟ್ಟು ವಿವರಿಸಬೇಕು.

ನೇಪಥ್ಯ:
ನಿಮ್ಮ ಮೊದಲ ಪ್ರಶ್ನೆಗೆ ಉತ್ತರ 1737ರ ಪರವಾನಗಿ ಕಾಯಿದೆಯಲ್ಲಿದೆ. ಹೆನ್ರಿ ಫೀಲ್ಡಿಂಗ್ ಮೊದಲಾದವರ ವಿಡಂಬನೆಗಳಿಂದ ಬೇಸತ್ತಿದ್ದ ವಾಲ್ಪೋಲ್ ಸರ್ಕಾರವು ಆ ಕಾಯಿದೆಯನ್ನು ತಂದು, ಹೊಸ ನಾಟಕಗಳ ಹಸ್ತಪ್ರತಿಗಳೆಲ್ಲ ಮೊದಲು ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯ ಕೈಸೇರಬೇಕೆಂದು ವಿಧಿಸಿದ್ದಲ್ಲದೆ, ಮಾತಿನ ನಾಟಕವನ್ನು ಹಣ ಪಡೆದು ಆಡುವ ಹಕ್ಕನ್ನು ರಾಜಸನ್ನದು ಪಡೆದ ಲಂಡನ್ನಿನ ಡ್ರೂರಿ ಲೇನ್ ಮತ್ತು ಕಾವೆಂಟ್ ಗಾರ್ಡನ್ ರಂಗಮಂದಿರಗಳಿಗೆ ಬಹುಮಟ್ಟಿಗೆ ಮೀಸಲಾಗಿಸಿತು. ಉಳಿದ ಊರುಗಳಲ್ಲಿ ಕಾಸು ತೆಗೆದುಕೊಂಡು ನಾಟಕವಾಡಿದರೆ ನಟರನ್ನು ಅಲೆಮಾರಿಗಳೆಂದು ಪರಿಗಣಿಸಿ ಶಿಕ್ಷಿಸಲು ಅವಕಾಶವಿತ್ತು.

ಆದರೆ ಸಂಗೀತಕ್ಕೆ ಹಣ ಪಡೆಯುವುದು ಅಪರಾಧವಾಗಿರಲಿಲ್ಲ. ಹಾಗಾಗಿ ಟಿಕೆಟ್ಟು ಸಂಗೀತಕ್ಕೆ, ನಡುವೆ ಬರುವ ನಾಟಕ ಪುಕ್ಕಟೆ ಎಂಬ ಉಪಾಯ ಹುಟ್ಟಿಕೊಂಡಿತು. ಇದು ಬ್ರಿಸ್ಟಲಿನವರ ಸ್ವಂತ ಜಾಣತನವೇನಲ್ಲ. 1741ರಲ್ಲಿ ಲಂಡನ್ನಿನ ಗುಡ್‌ಮನ್ಸ್ ಫೀಲ್ಡ್ಸ್ ಎಂಬಲ್ಲಿ ಡೇವಿಡ್ ಗ್ಯಾರಿಕ್ ಮೂರನೆಯ ರಿಚರ್ಡನಾಗಿ ಹೆಸರು ಮಾಡಿದ್ದೂ ಇಂಥದೇ ಒಂದು ಕಛೇರಿಯ ಎರಡು ಭಾಗಗಳ ನಡುವೆ. ಇಪ್ಪತ್ತೈದು ವರ್ಷಗಳ ನಂತರ ಬ್ರಿಸ್ಟಲಿನ ರಂಗಮಂದಿರ ತೆರೆದಾಗ ಅದಕ್ಕೆ ನಾಂದಿಯ ಪದ್ಯವನ್ನು ಬರೆದುಕೊಟ್ಟವನೂ ಅದೇ ಗ್ಯಾರಿಕ್; ಅಷ್ಟರಲ್ಲಿ ಅವನು ಸನ್ನದು ಪಡೆದ ಡ್ರೂರಿ ಲೇನಿನ ಒಡೆತನದಲ್ಲಿ ಪಾಲುದಾರನಾಗಿದ್ದನು ಎಂಬುದು ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ತಮಾಷೆ.

ಬ್ರಿಸ್ಟಲ್ ಈ ಸೋಗನ್ನು ಕಳಚಿದ್ದು 1778ರಲ್ಲಿ, ರಾಜಸನ್ನದು ದೊರೆತ ಮೇಲೆ. ‘ರಾಯಲ್’ ಎಂಬ ಪದ ಸೇರಿದ್ದೂ ಆಗಲೇ. ನೆರೆಯ ಬಾತ್ ಪಟ್ಟಣಕ್ಕೆ ಆ ಗೌರವ ಹತ್ತು ವರ್ಷ ಮೊದಲೇ, 1768ರಲ್ಲಿ ಸಿಕ್ಕಿತ್ತು. ಹಸ್ತಪ್ರತಿಗಳ ಪೂರ್ವಪರಿಶೀಲನೆಯಂತೂ 1968ರವರೆಗೂ ನಡೆದುಬಂದಿತು.

ಗಾರೆಕೆಲಸ:
ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನೀವು ನೋಡಿದ ಕಂಬಗಳ ಮುಂಭಾಗ ರಂಗಮಂದಿರದ್ದೇ ಅಲ್ಲ. ಅದು ಕೂಪರ್ಸ್ ಹಾಲ್. ಪೀಪಾಯಿ ಕಟ್ಟುವವರ ಸಂಘವು 1740ರ ದಶಕದಲ್ಲಿ, ಅಂದರೆ ರಂಗಮಂದಿರಕ್ಕಿಂತ ಇಪ್ಪತ್ತು ವರ್ಷ ಮೊದಲೇ, ವಿಲಿಯಂ ಹಾಫ್‌ಪೆನ್ನಿ ಎಂಬ ವಾಸ್ತುಶಿಲ್ಪಿಯಿಂದ ಕಟ್ಟಿಸಿಕೊಂಡ ಸಭಾಭವನ. 1970ರ ದಶಕದ ಆರಂಭದಲ್ಲಿ ಪೀಟರ್ ಮೋರೊ ಅವರ ಯೋಜನೆಯಂತೆ ರಂಗಮಂದಿರವನ್ನು ವಿಸ್ತರಿಸಿದಾಗ ಆ ಭವನವನ್ನು ಪ್ರವೇಶಾಂಗಣವಾಗಿ ಸೇರಿಸಿಕೊಂಡರು. ಅದಕ್ಕೆ ಮೊದಲು ಪ್ರೇಕ್ಷಕರು ಬೀದಿಬದಿಯ ಮನೆಗಳ ನಡುವಣ ದಾರಿಯಿಂದ ಒಳಗೆ ಹೋಗಬೇಕಿತ್ತು. ಕಾಯಿದೆಯ ಕಣ್ಣು ತಪ್ಪಿಸಿ ನಡೆಯಬೇಕಾಗಿದ್ದ, ಕ್ವೇಕರ್ ಪಂಥದವರಂಥ ಧರ್ಮನಿಷ್ಠರ ವಿರೋಧವನ್ನೂ ಎದುರಿಸಬೇಕಾಗಿದ್ದ ಕಟ್ಟಡಕ್ಕೆ ಬೀದಿಗೆ ತೋರುವ ಮುಖವಿಲ್ಲದಿದ್ದುದು ಅನನುಕೂಲವೇನೂ ಆಗಿರಲಾರದು ಎಂಬುದು ನನ್ನ ಊಹೆ.

ಆ ವಿಸ್ತರಣೆಯಲ್ಲಿ ಹಳೆಯ ರಂಗವೇದಿಕೆಯ ಭಾಗವನ್ನು ಕೆಡವಿಹಾಕಿದ್ದು ನನ್ನ ಮಟ್ಟಿಗೆ ಕ್ಷಮಿಸಲಾಗದ ಕೆಲಸ. ಪ್ರೇಕ್ಷಾಗೃಹ ಮಾತ್ರ ಉಳಿಯಿತು. 2018ರಲ್ಲಿ ಹಾವರ್ತ್ ಟಾಂಪ್ಕಿನ್ಸ್ ಸಂಸ್ಥೆ ಹೊಸ ಪ್ರವೇಶಾಂಗಣವನ್ನು ಕಟ್ಟಿದ ಮೇಲೆ ಪ್ರೇಕ್ಷಾಗೃಹದ ಹಳೆಯ ಹೊರಗೋಡೆಯು ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುತ್ತದೆ.

ಹಳೆಯ ಲೆಕ್ಕ:
ಹಣದ ಮಾತನ್ನು ಯಾರೂ ಎತ್ತಲಿಲ್ಲ. ಐವತ್ತರಷ್ಟು ಮಂದಿ ಊರ ಸಿರಿವಂತರು ತಲಾ 50 ಪೌಂಡು ಹಾಕಿ ಇದನ್ನು ಕಟ್ಟಿಸಿದರು. ಪ್ರತಿಯಾಗಿ ಅವರಿಗೆ ಬೆಳ್ಳಿಯ ಬಿಲ್ಲೆಯ ರೂಪದ ಟಿಕೆಟ್ಟು ದೊರೆಯಿತು. ಅದನ್ನು ತೋರಿಸಿದವರು ಅಲ್ಲಿ ನಡೆಯುವ ಯಾವ ಪ್ರದರ್ಶನವನ್ನಾದರೂ ನೋಡಬಹುದಿತ್ತು. ಬ್ರಿಸ್ಟಲ್ ಆಗ ಆಫ್ರಿಕಾದ ಗುಲಾಮರ ವ್ಯಾಪಾರದಿಂದಲೂ ಕೆರಿಬಿಯನ್ ದ್ವೀಪಗಳ ಸಕ್ಕರೆಯಿಂದಲೂ ಕೊಬ್ಬಿದ್ದ ಬಂದರು, ಆ ವ್ಯಾಪಾರದ ನಂಟಿದ್ದವರು ಈ ಹಣ ಹಾಕಿದವರಲ್ಲೂ ಇದ್ದರು. ಬೆಳ್ಳಿ ಬಿಲ್ಲೆಯ ಸೊಬಗನ್ನು ಮೆಚ್ಚುವಾಗ ಇದನ್ನು ಬಿಟ್ಟು ಹೇಳಬಾರದು.

ಇನ್ನೊಂದು ಸಣ್ಣ ಸಂಗತಿ. ಬಾತ್ ಮತ್ತು ಬ್ರಿಸ್ಟಲ್ ರಂಗಮಂದಿರಗಳು ಕೆಲಕಾಲ ಒಂದೇ ತಂಡದ ಕೈಯಲ್ಲಿದ್ದವು. ಮುಂದೆ ಲಂಡನ್ನನ್ನೇ ಗೆದ್ದ ಸಾರಾ ಸಿಡನ್ಸ್ 1782ರವರೆಗೆ ಈ ಎರಡೂ ಕಡೆ ಅಭಿನಯಿಸುತ್ತಿದ್ದರು. ನಟರನ್ನೂ ಸಾಮಾನನ್ನೂ ಊರಿಂದೂರಿಗೆ ಹೊತ್ತಿಗೆ ಸರಿಯಾಗಿ ಸಾಗಿಸುತ್ತಿದ್ದ ಬಾತ್‌ನ ರಂಗಮಾಲೀಕ ಜಾನ್ ಪಾಮರ್, ಟಪಾಲು ಏಕೆ ಇಷ್ಟು ನಿಧಾನವೆಂದು ಯೋಚಿಸಿ, 1784ರ ಆಗಸ್ಟ್‌ನಲ್ಲಿ ಬ್ರಿಸ್ಟಲಿನಿಂದ ಲಂಡನ್ನಿಗೆ ಮೊದಲ ಟಪಾಲು ಗಾಡಿಯನ್ನು ಓಡಿಸಿದನು.

ಹವ್ಯಾಸಿ:
ಮೂವರಿಗೂ ಕೃತಜ್ಞತೆಗಳು. ಕಂಬಗಳ ಮುಂದೆ ನಿಂತು ತೆಗೆಸಿಕೊಂಡ ಚಿತ್ರಕ್ಕೆ ‘1766ರ ರಂಗಮಂದಿರ’ ಎಂದು ಬರೆದು ಮನೆಯವರಿಗೆಲ್ಲ ಕಳುಹಿಸಿದ್ದೆ, ತಿದ್ದಬೇಕು. ಯುದ್ಧಕಾಲದಲ್ಲಿ ಈ ಮನೆ ಹೇಗೆ ಉಳಿಯಿತು?

ನೇಪಥ್ಯ:
ಬಾಂಬುಗಳಿಗಿಂತ ಮಾರಾಟದ ಗಂಡಾಂತರವೇ ದೊಡ್ಡದಾಗಿತ್ತು. 1942ರಲ್ಲಿ ಕಟ್ಟಡ ಮಾರಾಟಕ್ಕೆ ಬಂದಾಗ ಅದು ಸರಕಿನ ಗೋದಾಮಾಗುವುದರಲ್ಲಿತ್ತು. ಊರಿನವರು ಚಂದಾ ಎತ್ತಿ ಉಳಿಸಿಕೊಂಡರು. ಸಂಗೀತ ಮತ್ತು ಕಲೆಗಳ ಪ್ರೋತ್ಸಾಹಕ್ಕೆಂದು ಸರ್ಕಾರದ ನೆರವಿನಿಂದ ನಡೆಯುತ್ತಿದ್ದ ಮಂಡಳಿಯು ಅದನ್ನು ಗುತ್ತಿಗೆಗೆ ಪಡೆದು 1943ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಲಂಡನ್ನಿನ ಓಲ್ಡ್ ವಿಕ್ 1946ರಲ್ಲಿ ಅಲ್ಲಿ ತನ್ನ ಶಾಖಾ ತಂಡವನ್ನು ಹೂಡಿದ್ದರಿಂದ ಈಗಿನ ಹೆಸರು ಬಂತು. ಗೋದಾಮಾಗುವ ಗತಿ ಬರಿಯ ಬೆದರಿಕೆಯೇನಲ್ಲ: ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ 1819ರಲ್ಲಿ ಕಟ್ಟಿದ ರಂಗಮಂದಿರವು 1925ರಿಂದ ದಶಕಗಳ ಕಾಲ ಬಿಯರ್ ಕಂಪನಿಯೊಂದರ ಪೀಪಾಯಿಗಳ ಉಗ್ರಾಣವಾಗಿತ್ತು.

ಗಾರೆಕೆಲಸ:
ಮುಂದಿನ ಸಲ ಹೋದಾಗ ಚಾವಣಿಯ ಮೇಲಿನ ಗುಡುಗಿನ ದೋಣಿಯ ಬಗ್ಗೆ ಕೇಳಿ. ಅದು ಪ್ರೇಕ್ಷಾಗೃಹದ ಮೇಲೆ ಇಳಿಜಾರಾಗಿ ಜೋಡಿಸಿದ ಮರದ ಕಾಲುವೆ. ಅದರಲ್ಲಿ ಫಿರಂಗಿಯ ಗುಂಡುಗಳನ್ನು ಉರುಳಿಬಿಟ್ಟರೆ ಕೆಳಗೆ ಕೂತವರ ನೆತ್ತಿಯ ಮೇಲೆ ಗುಡುಗು ಉರುಳಿದಂತಾಗುತ್ತದೆ. 2016ರಲ್ಲಿ ಮನೆಗೆ 250 ವರ್ಷ ತುಂಬಿದಾಗ ಅದನ್ನು ದುರಸ್ತಿ ಮಾಡಿ, ಲಿಯರ್ ದೊರೆಯ ಬಿರುಗಾಳಿಯ ದೃಶ್ಯಕ್ಕೆ ಗುಂಡುಗಳನ್ನು ಮತ್ತೆ ಉರುಳಿಸಿದರು.