ಸಹಾಯ ಬೇಕು: ಟೈಮಿಂಗ್ ಬೆಲ್ಟ್ ಟೆನ್ಷನ್ ನೋಡಿ ಹೇಳುವವರು ಯಾರಾದರೂ ಇದ್ದೀರಾ?

ನಮಸ್ಕಾರ. ಹಳೆಯ ಡಬಲ್ ಕ್ಯಾಮ್ ಪೆಟ್ರೋಲ್ ಕಾರು. ವಾಲ್ವ್‌ಗಳನ್ನು ತೆರೆಯುವ ಎರಡೂ ಕ್ಯಾಮ್‌ಶಾಫ್ಟ್ ಬದಲಾಯಿಸಿದ್ದೇನೆ. ಅವನ್ನು ಕ್ರ್ಯಾಂಕ್ ಜೊತೆ ತಿರುಗಿಸುವ ಟೈಮಿಂಗ್ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಎರಡೂ ಹೊಸದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಂದಿದ್ದು. ಇನ್ನೂ ಸ್ಟಾರ್ಟ್ ಮಾಡಿಲ್ಲ.

ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಪೂರ್ತಿ 2 ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ, ಟೈಮಿಂಗ್ ಗುರುತುಗಳೆಲ್ಲ ಸರಿಯಾಗಿ ಕೂತಿವೆ. ಆದರೆ ಬೆಲ್ಟಿನ ಉದ್ದದ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ 90 ಡಿಗ್ರಿ ದಾಟಿ ಆರಾಮಾಗಿ ಹೋಗುತ್ತೆ, ಸಡಿಲ ಅನ್ನಿಸುತ್ತೆ. ವಾಲ್ವ್ ಸ್ಪ್ರಿಂಗ್ ತಳ್ಳಿ ಕ್ಯಾಮ್ ಒಂದು ಚೂರು ಜಾರಿ ನಿಂತರೂ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ ಅನ್ನಿಸಬಹುದು. ಅದಾ, ಅಥವಾ ಟೆನ್ಷನರ್ ಸೆಟ್ಟಿಂಗೇ ಕಡಿಮೆ ಆಗಿದೆಯಾ?

ಸಡಿಲ ಇದ್ದರೆ ಬೆಲ್ಟ್ ಹಲ್ಲು ಹಾರಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯಬಹುದು. ಜಾಸ್ತಿ ಬಿಗಿದರೆ ಬೇರಿಂಗ್ ಕೂಗಿ ಕೂಗಿ ಹಾಳಾಗುತ್ತೆ. ಪಕ್ಕದ ಬೀದಿ ಮೆಕ್ಯಾನಿಕ್ 'ಸುಮ್ನೆ ಸ್ಟಾರ್ಟ್ ಮಾಡಿ ಸಾರ್' ಅಂತಾರೆ. ಧೈರ್ಯ ಅವರದು, ಇಂಜಿನ್ ನನ್ನದು ಅಲ್ವಾ!

ಟೆನ್ಷನ್ ಗೇಜ್ ಇರುವವರು, ಇಲ್ಲವೇ ವಿಜಯನಗರ, ರಾಜಾಜಿನಗರ ಕಡೆ ಮನೆಗೇ ಬಂದು ನೋಡುವ ಅನುಭವಿ ಮೆಕ್ಯಾನಿಕ್ ಗೊತ್ತಿದ್ದವರು ದಯವಿಟ್ಟು ಮೆಸೇಜ್ ಮಾಡಿ. ಕಾರು ಬೇಸ್‌ಮೆಂಟಿನಲ್ಲಿದೆ, ಟೋ ಮಾಡಿಸೋದು ಕಷ್ಟ. ಭಾನುವಾರ ಬಂದರೆ ತಿಂಡಿ, ಕಾಫಿ ನನ್ನದು.