ಹಿತ್ತಲಲ್ಲಿ ಹೆರಾಲ್ಡ್ ಕಾರಿಗೊಂದು ಶೆಡ್: ಇಂಗ್ಲೆಂಡಿನ ಪ್ಲ್ಯಾನಿಂಗ್ ರೂಲ್ಸ್ ತಿಳಿದವರು ಹೇಳಿ

ಹಾಸನದ ಹೆರಾಲ್ಡ್ (ಕವೆಂಟ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಕವೆಂಟ್ರಿಯಲ್ಲಿ 1930ರ ದಶಕದ ಸೆಮಿ ಡಿಟ್ಯಾಚ್ಡ್ ಮನೆ, ಅಂದರೆ ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿದ್ದು. ಹಿತ್ತಲು 9 ಮೀಟರ್ ಅಗಲ, 24 ಮೀಟರ್ ಉದ್ದ. ಮನೆ ಪಕ್ಕದಿಂದ ಹಿಂದಕ್ಕೆ ಹೋಗಲು 2.3 ಮೀಟರ್ ಅಗಲದ ದಾರಿ ಇದೆ. ರಸ್ತೆ ಕಡೆ ಫುಟ್‌ಪಾತನ್ನು ಕಾರು ಹತ್ತುವ ಹಾಗೆ ಹಿಂದಿನವರೇ ತಗ್ಗಿಸಿಕೊಂಡಿದ್ದಾರೆ. ಅಲ್ಲಿಗೆ ಒಂದು ತಲೆನೋವು ಕಡಿಮೆ.

ಉಳಿದ ತಲೆನೋವು 1969ರ ಟ್ರಯಂಫ್ ಹೆರಾಲ್ಡ್ 13/60. ನಮ್ಮ ದೊಡ್ಡಪ್ಪನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು, ಮದ್ರಾಸಿನಲ್ಲಿ ತಯಾರಾದದ್ದು. ಹಾಸನದ ಸಂತೆಪೇಟೆಯಲ್ಲಿ ಇಡೀ ಬಾನೆಟ್ಟು ಮುಂದಕ್ಕೆ ಮಗುಚಿಕೊಂಡು ನಿಂತರೆ ಸುತ್ತ ಜನ ಸೇರುತ್ತಿದ್ದರು. ಈ ದೇಶಕ್ಕೆ ಬಂದು, ಅದೂ ಹೆರಾಲ್ಡ್ ಹುಟ್ಟಿದ ಕ್ಯಾನ್ಲಿ ಕಾರ್ಖಾನೆ ಇದ್ದ ಊರಲ್ಲೇ ಮನೆ ಮಾಡಿ, ಒಂದು ಹೆರಾಲ್ಡ್ ತಗೊಳ್ಳದೆ ಇರೋದು ಹೇಗೆ ಹೇಳಿ? ಕ್ಯಾನ್ಲಿಯಲ್ಲಿ ಕಾರು ಜೋಡಿಸುವುದು 1980ಕ್ಕೇ ನಿಂತಿತು. ನನ್ನ ಕಾರಂತೂ ಟಾರ್ಪಾಲಿನ್ ಕೆಳಗೆ ಕೂತಿದೆ. ಎಸ್‌ಒಆರ್‌ಎನ್ (ಗಾಡಿ ರಸ್ತೆಗೆ ಇಳಿಸೋಲ್ಲ ಅಂತ ಸರ್ಕಾರಕ್ಕೆ ಕೊಡುವ ಘೋಷಣೆ) ಮಾಡಿಸಿದ್ದೇನೆ, ಹಾಗಾಗಿ ಟ್ಯಾಕ್ಸ್ ರಗಳೆ ಇಲ್ಲ. ಆದರೆ ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ, ನಮ್ಮ ಜಾಗದಲ್ಲೇ ಇರಬೇಕು.

ತುಕ್ಕು ಜಾಸ್ತಿ. ಚಾಸಿಯ (ಅಡಿಯ ಚೌಕಟ್ಟಿನ) ಪಕ್ಕದ ಔಟ್‌ರಿಗರ್‌ಗಳು, ಅಂದರೆ ಬಾಡಿ ಹೊರುವ ತೋಳುಗಳು, ಬೆರಳಲ್ಲಿ ಒತ್ತಿದರೆ ಉದುರುತ್ತವೆ. ಫ್ಲೋರ್ ಅರ್ಧ ಇಲ್ಲ. ವೆಲ್ಡಿಂಗ್, ಟಿಂಕರಿಂಗ್ ಎಲ್ಲ ನಾನೇ ಮಾಡಬೇಕು ಅಂತಿದ್ದೇನೆ.

ನನ್ನ ಲೆಕ್ಕ ಹೀಗಿದೆ. ಒಳಗೆ 7 ಮೀಟರ್ ಉದ್ದ, 4.2 ಅಗಲ. ಎರಡು ಕಂಬದ ಲಿಫ್ಟ್. ಅದಕ್ಕೆ ಎತ್ತರ ಬೇಕಲ್ಲ, ಹಾಗಾಗಿ ಎರಡು ಕಡೆ ಇಳಿಜಾರಿನ ಛಾವಣಿ, ತುದಿಗೆ 4 ಮೀಟರ್. ಒಬ್ಬ ಕಾಂಟ್ರಾಕ್ಟರ್ "30 ಚದರ ಮೀಟರ್ ಒಳಗಿದ್ದರೆ ಪರ್ಮಿಷನ್ನೇ ಬೇಡ, ಬೇಲಿಗೆ ಅಂಟಿಸಿ ಕಟ್ಟೋಣ" ಅಂದ. ಇನ್ನೊಬ್ಬ "ಪರ್ಮಿಷನ್ ಇಲ್ಲದೆ ಕೈ ಹಾಕಲ್ಲ" ಅಂದ. ಹಿತ್ತಲ ನಡುವೆ ಕಟ್ಟಿದರೆ ಹರಿವೆ, ಮೆಂತ್ಯದ ಪಾತಿ ಹೋಗುತ್ತೆ ಅಂತ ಮನೆಯವಳ ತಕರಾರು. ಊರಲ್ಲಾದರೆ ನಾಲ್ಕು ಕಂಬ ನೆಟ್ಟು ಶೀಟು ಹೊದಿಸಿದರೆ ಆಯಿತು. ಇಲ್ಲಿ ಯಾರ ಮಾತು ನಂಬಲಿ?

ಡರ್ಬಿ ಸ್ಪ್ಯಾನರ್

ನಾನು ಇಂಥ ಶೆಡ್ ಕಟ್ಟಿದ್ದೇನೆ, ನನ್ನ ಮಾರಿಸ್ ಮೈನರ್ ಕಾರಿಗೆ. ಪರ್ಮಿಷನ್ ವಿಷಯ ಬಲ್ಲವರು ಹೇಳಲಿ. ನಾನು ನೆಲದ ಬಗ್ಗೆ ಹೇಳುತ್ತೇನೆ. ಕಾಂಕ್ರೀಟ್ ಕೆಳಗೆ ಡ್ಯಾಂಪ್ ಪ್ರೂಫ್ ಶೀಟು ಹಾಕಲೇಬೇಕು, ಛಾವಣಿಗೆ ಇನ್ಸುಲೇಷನ್ ಕೊಡಲೇಬೇಕು. ಬರೀ ತಗಡಿನ ಛಾವಣಿಯಾದರೆ ಚಳಿಗಾಲದ ಬೆಳಗ್ಗೆ ಒಳಗಡೆ ಮಳೆ ಬಂದ ಹಾಗೆ ತೊಟ್ಟಿಕ್ಕುತ್ತದೆ. ಹಿಂದಿನ ದಿನ ಉಜ್ಜಿಟ್ಟ ತಗಡು ಮರುದಿನ ಕಂದು ಬಣ್ಣ. ನೆಲ ಅಗೆದು ಗುಂಡಿ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ಕೂರುತ್ತದೆ. ಮೇಲೆ ನೀವು ವೆಲ್ಡಿಂಗ್ ಮಾಡುತ್ತೀರಿ. ಬೇಡ.

ತೀರ್ಥಹಳ್ಳಿಯವಳು (ರೆಡಿಂಗ್)

ಹೆರಾಲ್ಡ್ ಸರ್, ನಾನು ಮನೆ ಎಕ್ಸ್‌ಟೆನ್ಷನ್ ನಕ್ಷೆಗಳನ್ನು ಬರೆದು ಕೌನ್ಸಿಲ್‌ಗೆ ಹಾಕುವ ಕೆಲಸ ಮಾಡುತ್ತೇನೆ. ನಿಮ್ಮ ಕಾಂಟ್ರಾಕ್ಟರ್‌ಗಳು ಇಬ್ಬರೂ ಅರ್ಧ ಅರ್ಧ ಹೇಳಿದ್ದಾರೆ. ಇಲ್ಲಿ ಕಾನೂನು ಎರಡು. ಪ್ಲ್ಯಾನಿಂಗ್ ಒಂದು (ಎಲ್ಲಿ, ಎಷ್ಟು ದೊಡ್ಡದು ಕಟ್ಟಬಹುದು ಅನ್ನೋದು), ಬಿಲ್ಡಿಂಗ್ ರೆಗ್ಯುಲೇಷನ್ಸ್ ಇನ್ನೊಂದು (ಸುರಕ್ಷಿತವಾಗಿ ಹೇಗೆ ಕಟ್ಟಬೇಕು ಅನ್ನೋದು). 30 ಚದರ ಮೀಟರ್ ಅನ್ನೋದು ಎರಡನೆಯದರ ಮಾತು. ಪ್ಲ್ಯಾನಿಂಗ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಮೊದಲು ಪ್ಲ್ಯಾನಿಂಗ್. ಇಂಗ್ಲೆಂಡಿನಲ್ಲಿ 2015ರ ಆದೇಶದ ಪ್ರಕಾರ ಹಿತ್ತಲ ಕಟ್ಟಡಗಳು ಪರ್ಮಿಟೆಡ್ ಡೆವಲಪ್‌ಮೆಂಟ್ ಕ್ಲಾಸ್ ಇ ಒಳಗೆ ಬರುತ್ತವೆ. ಶರತ್ತು ಸರಿಹೋದರೆ ಅರ್ಜಿಯೇ ಬೇಡ. ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿ ರೂಲ್ಸ್ ಬೇರೆ, ಅಲ್ಲಿರುವವರು ಇದನ್ನು ನಂಬಿ ಕಟ್ಟಬೇಡಿ. ಕಟ್ಟಡ ಒಂದೇ ಅಂತಸ್ತು ಇರಬೇಕು. ಮನೆಯ ಮುಂಭಾಗದ ಗೆರೆಗಿಂತ ಮುಂದೆ ಬರಬಾರದು. ಸೂರಿನ ಎತ್ತರ 2.5 ಮೀಟರ್ ದಾಟಬಾರದು. ಎರಡು ಕಡೆ ಇಳಿಜಾರಿದ್ದರೆ ತುದಿ 4 ಮೀಟರ್, ಬೇರೆ ಥರದ ಛಾವಣಿಗೆ 3. ಆದರೆ ಕಟ್ಟಡದ ಯಾವುದೇ ಒಂದು ಮೂಲೆ ಗಡಿಯಿಂದ 2 ಮೀಟರ್ ಒಳಗೆ ಬಂದರೂ ಇಡೀ ಕಟ್ಟಡ 2.5 ಮೀಟರ್ ಮೀರುವಂತಿಲ್ಲ. ಬೇಲಿಗೆ ಅಂಟಿಸಿ 4 ಮೀಟರ್ ಎತ್ತರ ಕಟ್ಟುತ್ತೇನೆ ಅಂದವನು ನಿಮ್ಮನ್ನು ಸೀದಾ ಎನ್‌ಫೋರ್ಸ್‌ಮೆಂಟ್ ನೋಟಿಸಿಗೆ (ಕಟ್ಟಿದ್ದನ್ನು ಸರಿಪಡಿಸಿ ಇಲ್ಲವೇ ಕೆಡವಿ ಅನ್ನೋ ಕೌನ್ಸಿಲ್ ಆದೇಶಕ್ಕೆ) ಕರೆದುಕೊಂಡು ಹೋಗುತ್ತಿದ್ದ.

ಇನ್ನೊಂದು, ಮೂಲ ಮನೆ ಬಿಟ್ಟು ಉಳಿದ ಜಾಗದ ಅರ್ಧಕ್ಕಿಂತ ಹೆಚ್ಚು ಮುಚ್ಚಬಾರದು. ಹಿಂದಿನವರು ಕಟ್ಟಿದ ಅಡುಗೆಮನೆ ಎಕ್ಸ್‌ಟೆನ್ಷನ್, ಹಳೇ ಶೆಡ್ ಎಲ್ಲ ಲೆಕ್ಕಕ್ಕೆ ಬರುತ್ತೆ. ನಿಮ್ಮ ಹಿತ್ತಲಿಗೆ ಇದು ಸಮಸ್ಯೆಯಾಗದು.

ಇನ್ನು ಬಿಲ್ಡಿಂಗ್ ರೆಗ್ಸ್. ಒಳಗಿನ ನೆಲ 15 ಚದರ ಮೀಟರಿಗಿಂತ ಕಡಿಮೆ ಇದ್ದು ಯಾರೂ ಮಲಗುವ ವ್ಯವಸ್ಥೆ ಇಲ್ಲದಿದ್ದರೆ ಸಾಮಾನ್ಯವಾಗಿ ಕೇಳೋದಿಲ್ಲ. 15ರಿಂದ 30ರ ನಡುವೆ ಇದ್ದರೆ, ಒಂದೋ ಗಡಿಯಿಂದ 1 ಮೀಟರ್ ದೂರ ಇರಬೇಕು, ಇಲ್ಲವೇ ಹೆಚ್ಚುಕಡಿಮೆ ಬೆಂಕಿ ಹಿಡಿಯದ ವಸ್ತುವಿನಲ್ಲಿ ಕಟ್ಟಿರಬೇಕು. 30 ದಾಟಿದರೆ ಪೂರ್ತಿ ಇನ್‌ಸ್ಪೆಕ್ಷನ್. ಕರೆಂಟಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಮನೆಯಿಂದ ಹೊಸ ಲೈನ್ ಎಳೆಯಲು ರಿಜಿಸ್ಟರ್ಡ್ ಎಲೆಕ್ಟ್ರಿಷಿಯನ್ ಹಿಡಿಯಿರಿ. ಸ್ಟೀಲ್ ತಂತಿ ಸುತ್ತಿದ ಆರ್ಮರ್ಡ್ ಕೇಬಲ್ ಹೂತು ಸರ್ಟಿಫಿಕೇಟ್ ಕೊಡುತ್ತಾರೆ.

ಈಗ ನನ್ನ ನಿಜವಾದ ಪ್ರಶ್ನೆ. ನಿಮಗೆ ಲಿಫ್ಟ್ ಯಾಕೆ ಬೇಕು?

ಲಿಫ್ಟ್ ಬೇಕು ಅಂದಿದ್ದಕ್ಕೆ ಎತ್ತರ ಬಂತು. ಎತ್ತರಕ್ಕಾಗಿ ಎರಡೂ ಕಡೆ 2 ಮೀಟರ್ ಬಿಡಬೇಕಾಯಿತು, ಕಟ್ಟಡ ಹಿತ್ತಲ ನಡುವಿಗೆ ಬಂದು ಹರಿವೆ ಪಾತಿ ಮೇಲೆ ಕೂತಿತು. ಅಷ್ಟಾದರೂ ಲಿಫ್ಟ್ ಕೂರುತ್ತಾ ಅಂದರೆ ಕಷ್ಟವೇ. ಅದರ ಕಂಬಗಳು ನಿಲ್ಲೋದು ಗೋಡೆ ಪಕ್ಕ, ಛಾವಣಿ ತಗ್ಗಿರುವುದೂ ಅಲ್ಲೇ. 4 ಮೀಟರ್ ಸಿಗೋದು ನಟ್ಟನಡುವೆ ಮಾತ್ರ.

ನನ್ನ ಯಜಮಾನರು ಹೆರಾಲ್ಡ್‌ನ ಚಾಸಿಯನ್ನೇ ಆಧರಿಸಿ ಬಂದ ಸ್ಪಿಟ್‌ಫೈರ್ ಕಾರು ಇಟ್ಟುಕೊಂಡಿದ್ದಾರೆ, ಹಾಗಾಗಿ ಈ ಕಾರಿನ ಒಳಹೊರಗು ನನಗೂ ಸ್ವಲ್ಪ ಗೊತ್ತು. ಹೆರಾಲ್ಡ್‌ನಲ್ಲಿ ಚಾಸಿ ಬಾಡಿಯಿಂದ ಪ್ರತ್ಯೇಕ. ಬಾಡಿ ಬೋಲ್ಟ್ ಹಾಕಿ ಮೇಲೆ ಕೂರಿಸಿದ್ದು. ಅದೂ ಒಂದೇ ತುಂಡಲ್ಲ. ಬಾನೆಟ್ಟು ಬೇರೆ, ಮುಂದಿನ ಬಲ್ಕ್‌ಹೆಡ್ (ಇಂಜಿನ್ ಹಿಂದಿನ ಗೋಡೆಯ ಭಾಗ) ಬೇರೆ, ಹಿಂದಿನ ಟಬ್ (ಬಾಡಿಯ ಹಿಂಭಾಗ) ಬೇರೆ, ರೂಫ್ ಕೂಡ ಬೋಲ್ಟ್ ಬಿಚ್ಚಿದರೆ ಬರುತ್ತೆ. ಪೂರ್ತಿ ರಿಪೇರಿ ಮಾಡೋದಾದರೆ ನೀವು ಕಾರನ್ನು ಮೇಲೆತ್ತಿ ಕೆಳಗೆ ನಿಲ್ಲೋದಿಲ್ಲ. ಬಾಡಿ ತೆಗೆದು ಒಂದು ಕಡೆ ಇಡುತ್ತೀರಿ. ಬರೀ ಚಾಸಿಯನ್ನು ಸೊಂಟದೆತ್ತರದ ಸ್ಟ್ಯಾಂಡ್ ಮೇಲಿಟ್ಟು ನೆಟ್ಟಗೆ ನಿಂತು ವೆಲ್ಡಿಂಗ್ ಮಾಡುತ್ತೀರಿ. ಟಬ್ ಎತ್ತಲು ನಾಲ್ಕು ಜನ ಸ್ನೇಹಿತರು, ಒಂದು ಪಾತ್ರೆ ಬಿಸಿಬೇಳೆಬಾತ್ ಸಾಕು.

ಅಂದರೆ ನಿಮಗೆ ಬೇಕಾದ್ದು ಎತ್ತರ ಅಲ್ಲ, ಅಗಲ. ಕಾರಿನ ಅಗಲ 1.52 ಮೀಟರ್, ಉದ್ದ 3.89. ಚಾಸಿ, ಬಾಡಿ ಅಕ್ಕಪಕ್ಕ ಇಟ್ಟು ಮೂರು ಕಡೆ ಓಡಾಡಲು ಜಾಗ ಬಿಟ್ಟರೆ ಒಳಗೆ 5.4 ಬೈ 5.4 ಸಾಕು. ಅದು 29.16 ಚದರ ಮೀಟರ್, 30ರ ಒಳಗೇ ಇದೆ. ಹೊರಗಿನಿಂದ 5.7 ಅಂದುಕೊಳ್ಳಿ. ಒಂದು ಬೇಲಿಯಿಂದ 1 ಮೀಟರ್ ಬಿಟ್ಟು ಹಿತ್ತಲ ಕೊನೆಯ ಮೂಲೆಯಲ್ಲಿ ಕಟ್ಟಿದರೆ ಇನ್ನೊಂದು ಬದಿಗೆ 2.3 ಮೀಟರ್ ಉಳಿಯುತ್ತೆ. ಹಿಂದೆಯೂ 1 ಮೀಟರ್ ಬಿಡಿ. ಛಾವಣಿ ಒಂದೇ ಕಡೆ ಸ್ವಲ್ಪ ಇಳಿಜಾರು, ಎತ್ತರ ಎಲ್ಲೂ 2.5 ದಾಟದ ಹಾಗೆ. ಪ್ಲ್ಯಾನಿಂಗ್ ಅರ್ಜಿ ಬೇಡ, ಬಿಲ್ಡಿಂಗ್ ರೆಗ್ಸ್‌ನವರೂ ಕರೆಂಟು ಬಿಟ್ಟು ಬೇರೇನೂ ಕೇಳೋಲ್ಲ, ಪಾತಿಯೂ ಉಳೀತು.

ಅಗೆಯುವ ಮೊದಲು ಮೂರು ಕಾಗದ ನೋಡಿ. ಪರ್ಮಿಟೆಡ್ ಡೆವಲಪ್‌ಮೆಂಟ್ ಹಕ್ಕನ್ನು ಕೌನ್ಸಿಲ್ ಕಿತ್ತುಕೊಂಡಿದೆಯಾ ಅಂತ ಪ್ಲ್ಯಾನಿಂಗ್ ರಿಜಿಸ್ಟರ್ ನೋಡಿ. ಆರ್ಟಿಕಲ್ 4 (ಒಂದು ಪ್ರದೇಶಕ್ಕೇ ಈ ಹಕ್ಕನ್ನು ತೆಗೆಯುವ ಆದೇಶ) ಇದೆಯಾ ಅಂತ ಕೌನ್ಸಿಲ್‌ನಲ್ಲೂ ಕೇಳಿ. ಮನೆಯ ಟೈಟಲ್ ಡೀಡ್‌ನಲ್ಲಿ ಕವನೆಂಟ್ ಇದೆಯಾ ನೋಡಿ. ಅದು ಪ್ಲ್ಯಾನಿಂಗ್‌ಗೆ ಸಂಬಂಧವಿಲ್ಲದ ಪ್ರತ್ಯೇಕ ಕಟ್ಟುಪಾಡು. ಆಮೇಲೆ ಡ್ರೈನೇಜ್ ಮ್ಯಾಪ್. ಹಳೇ ಸೆಮಿಗಳ ಹಿತ್ತಲಲ್ಲಿ ಎಷ್ಟೋ ಸಲ ಪಬ್ಲಿಕ್ ಸೀವರ್ (ಊರಿನ ಒಳಚರಂಡಿ ಪೈಪ್) ಹಾದು ಹೋಗಿರುತ್ತೆ. ಅದರ ಹತ್ತಿರ ಕಟ್ಟಲು ನೀರಿನ ಕಂಪನಿಯ ಒಪ್ಪಿಗೆ ಬೇಕು.

ಹಾಸನದ ಹೆರಾಲ್ಡ್

ಮೇಡಂ, ಇದನ್ನು ಪ್ರಿಂಟ್ ತೆಗೆದು ಮನೆಯವಳಿಗೆ ತೋರಿಸಿದೆ. "ಇವರನ್ನೇ ಮೊದಲು ಕೇಳಬಾರದಿತ್ತಾ" ಅಂದಳು. ಲಿಫ್ಟ್ ಆಸೆ ಬಿಡೋಕೆ ಸ್ವಲ್ಪ ಹೊಟ್ಟೆ ಉರೀತು, ನಿಜ. ಆದರೆ ಆ ದುಡ್ಡಲ್ಲಿ ಒಳ್ಳೇ ಮಿಗ್ ವೆಲ್ಡರ್, ಒಂದು ಹೊಸ ಔಟ್‌ರಿಗರ್ ಸೆಟ್ ಬಂದು ಇನ್ನೂ ಮಿಗುತ್ತೆ.

ಎರಡು ಅನುಮಾನ. ನಮ್ಮ ಹಿತ್ತಲು ಕೊನೆಗೆ ಹೋಗುತ್ತಾ ಸುಮಾರು 40 ಸೆಂಟಿಮೀಟರ್ ಇಳಿಯುತ್ತೆ. 2.5 ಅನ್ನೋದನ್ನು ಎಲ್ಲಿಂದ ಅಳೆಯೋದು? ಇನ್ನೊಂದು, ಲೆಸ್ಟರ್‌ನಲ್ಲಿರುವ ಸ್ನೇಹಿತನೊಬ್ಬ "ನಿಂದು ಮುಗಿದ ಮೇಲೆ ನನ್ನ ಕಾರೂ ಮಾಡಿಕೊಡು, ಕೂಲಿ ಕೊಡ್ತೀನಿ" ಅಂತಿದ್ದಾನೆ. ಅದಕ್ಕೇನಾದರೂ ತೊಂದರೆ?

ತೀರ್ಥಹಳ್ಳಿಯವಳು (ರೆಡಿಂಗ್)

ಕಟ್ಟಡಕ್ಕೆ ತಾಗಿದ ನೆಲ ಎಲ್ಲಿ ಅತಿ ಎತ್ತರ ಇದೆಯೋ ಅಲ್ಲಿಂದ ಅಳೆಯುತ್ತಾರೆ. ನಿಮ್ಮ ವಿಷಯದಲ್ಲಿ ಅದು ಮನೆ ಕಡೆಯ ಗೋಡೆ. ಹಾಗಾಗಿ ಇಳಿಜಾರು ನಿಮಗೆ ಲಾಭವೇ. ಆದರೆ ಮಣ್ಣು ತುಂಬಿಸಿ ನೆಲ ಎತ್ತರಿಸಿ ಅಲ್ಲಿಂದ ಅಳೆಯೋ ಉಪಾಯ ಬೇಡ, ಮೂಲ ನೆಲವನ್ನೇ ನೋಡುತ್ತಾರೆ.

ಸ್ನೇಹಿತನ ಕಾರಿನದು ಸೂಕ್ಷ್ಮ. ಕ್ಲಾಸ್ ಇ ಸಿಗೋದು ಮನೆಯವರ ಸ್ವಂತ ಬಳಕೆಗೆ ಪೂರಕವಾಗಿದ್ದರೆ ಮಾತ್ರ. ಸ್ವಂತ ಕಾರಿನ ಹವ್ಯಾಸ ಅದರಲ್ಲಿ ಬರುತ್ತೆ. ಕೂಲಿಗೆ ಒಂದರ ಹಿಂದೆ ಒಂದು ಕಾರು ಬರಲು ಶುರುವಾದರೆ ಅದು ಗ್ಯಾರೇಜ್ ವ್ಯಾಪಾರ, ಅದಕ್ಕೆ ಬೇರೆ ಪರ್ಮಿಷನ್ ಬೇಕು. ದುಡ್ಡು ತಗೊಳ್ಳದಿದ್ದರೂ ಹವ್ಯಾಸಕ್ಕೊಂದು ಮಿತಿ ಇದೆ. ವೇಲ್ಸ್‌ನಲ್ಲಿ ಒಬ್ಬರು ಹವ್ಯಾಸಕ್ಕೆ ಅಂತ ಮನೆಯಲ್ಲಿ 44 ನಾಯಿ ಸಾಕಿದ್ದರು. ಕೇಸು ಕೋರ್ಟಿನ ತನಕ ಹೋಯಿತು, ಇದು ಮನೆಗೆ ಪೂರಕ ಬಳಕೆಯಲ್ಲ ಅಂತಲೇ ತೀರ್ಮಾನ ಆಯಿತು. ಹಿತ್ತಲಲ್ಲಿ ಏಳೆಂಟು ಹೆರಾಲ್ಡ್ ಸಾಲಾಗಿ ನಿಂತರೆ ನಿಮ್ಮನ್ನೂ ಕೇಳುತ್ತಾರೆ. ಸ್ನೇಹಿತರಿಗೆ ಸ್ಪ್ಯಾನರ್ ಕೊಡಿ, ಜಾಗ ಕೊಡಬೇಡಿ.

ಇಷ್ಟೆಲ್ಲ ಸರಿ ಇದ್ದರೂ ನಾನಾಗಿದ್ದರೆ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್‌ಗೆ (ಈ ಕಟ್ಟಡ ಕಾನೂನುಬದ್ಧ ಅಂತ ಕೌನ್ಸಿಲ್ ಕೊಡುವ ಪತ್ರಕ್ಕೆ) ಅರ್ಜಿ ಹಾಕುತ್ತಿದ್ದೆ. ಕಡ್ಡಾಯ ಅಲ್ಲ. ಕಟ್ಟುವ ಮೊದಲು ಹಾಕಿದರೆ ಮಾಮೂಲಿ ಪ್ಲ್ಯಾನಿಂಗ್ ಫೀಸಿನ ಅರ್ಧ. ಕೌನ್ಸಿಲ್ 8 ವಾರದಲ್ಲಿ ಹೇಳಬೇಕು. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಶೆಡ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಮೊದಲೆಲ್ಲ ನಾಲ್ಕು ವರ್ಷ ಯಾರೂ ಕೇಳದಿದ್ದರೆ ಬಚಾವ್ ಅನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 25ರ ನಂತರ ಕಟ್ಟಿ ಮುಗಿಸಿದ್ದಕ್ಕೆ ಅದು ಹತ್ತು ವರ್ಷ ಆಗಿದೆ.

ಡರ್ಬಿ ಸ್ಪ್ಯಾನರ್

ಪೇಂಟ್ ಬಗ್ಗೆ ಯಾರೂ ಹೇಳಲಿಲ್ಲ. ಟೂ ಪ್ಯಾಕ್ ಪೇಂಟನ್ನು (ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವಂಥದ್ದು) ಹಿತ್ತಲಲ್ಲಿ ಹೊಡೆಯಬೇಡಿ. ಅದರಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ, ಆಸ್ತಮಾ ಹಿಡಿದರೆ ಮತ್ತೆ ಬಿಡೋಲ್ಲ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಅದರ ಹತ್ತಿರ ಹೋಗಬಾರದು, ಅಂಗಡಿಯ ಸಾದಾ ಮಾಸ್ಕ್ ಉಪಯೋಗಕ್ಕಿಲ್ಲ. ಪ್ರೈಮರ್ ತನಕ ನೀವು ಮಾಡಿಕೊಳ್ಳಿ, ಕೊನೆಯ ಬಣ್ಣಕ್ಕೆ ಪೇಂಟ್ ಬೂತ್ ಇರುವವರಿಗೆ ಕೊಡಿ. ಹೆರಾಲ್ಡ್ ತುಂಡುತುಂಡಾಗಿ ಬಿಚ್ಚುತ್ತೆ ಅಂದರಲ್ಲ, ವ್ಯಾನಲ್ಲಿ ಹಾಕಿ ಕಳಿಸೋದೂ ಸುಲಭ.

ಶಬ್ದ, ವಾಸನೆ ವಿಚಾರ ಪ್ಲ್ಯಾನಿಂಗ್‌ನವರದಲ್ಲ. ಅದಕ್ಕೆ 1990ರ ಪರಿಸರ ಸಂರಕ್ಷಣಾ ಕಾಯ್ದೆ ಇದೆ, ಪಕ್ಕದವರು ದೂರು ಕೊಟ್ಟರೆ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್‌ನವರು ಬರುತ್ತಾರೆ. ಕಂಪ್ರೆಸರನ್ನು ಪಕ್ಕದ ಮನೆಯಿಂದ ದೂರದ ಗೋಡೆಗೆ ಇಡಿ, ಕೆಳಗೆ ರಬ್ಬರ್ ಹಾಕಿ. ಭಾನುವಾರ ಬೆಳಗ್ಗೆ ಗ್ರೈಂಡರ್ ಮುಟ್ಟಬೇಡಿ. ವೆಲ್ಡಿಂಗ್ ಮಾಡುತ್ತೇನೆ ಅಂತ ಮನೆ ಇನ್ಶೂರೆನ್ಸ್‌ನವರಿಗೂ ಮೊದಲೇ ತಿಳಿಸಿ.

ಹಾಸನದ ಹೆರಾಲ್ಡ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡ್ರೈನೇಜ್ ಮ್ಯಾಪ್ ತರಿಸಿದೆ. ಸೀವರ್ ಹಿತ್ತಲ ಎಡ ಬೇಲಿಯ ಉದ್ದಕ್ಕೂ ಇದೆ. ಹಾಗಾದರೆ 1 ಮೀಟರ್ ಬಿಡೋದು ಬಲಗಡೆ, 2.3 ಎಡಗಡೆ. ಗೋಡೆಯಿಂದ ಪೈಪಿಗೆ ಅಷ್ಟು ಅಂತರ ಸಾಕಾಗುತ್ತಾ ಮೇಡಂ?

ತೀರ್ಥಹಳ್ಳಿಯವಳು (ರೆಡಿಂಗ್)

ಸಾಮಾನ್ಯವಾಗಿ 3 ಮೀಟರ್ ಒಳಗಿದ್ದರೆ ನೀರಿನ ಕಂಪನಿಯವರನ್ನು ಕೇಳಿಯೇ ಕಟ್ಟಬೇಕು. ಪೈಪ್ ಎಷ್ಟು ಆಳ, ಎಷ್ಟು ದಪ್ಪ ಅನ್ನೋದರ ಮೇಲೆ ಅವರು ಹೇಳುತ್ತಾರೆ. ಮೊದಲು ಮ್ಯಾನ್‌ಹೋಲ್ ಮುಚ್ಚಳ ತೆಗೆದು ಟೇಪ್ ಇಳಿಸಿ ಆಳ ಅಳೆದುಕೊಳ್ಳಿ. ಆ ಅಳತೆ, ಜೊತೆಗೆ ಮ್ಯಾಪಿನ ಫೋಟೋ ಇಲ್ಲಿ ಹಾಕಿ. ಅರ್ಜಿಯಲ್ಲಿ ಏನು ಬರೆಯಬೇಕು ಹೇಳುತ್ತೇನೆ.