ಟರ್ಬೊ ಹಾಕಿದ ಕಾರಿಗೆ ಪ್ಲಗ್: 6 ಸಾಕಾ, 7 ಬೇಕಾ, ಇಲ್ಲಾ 8ಕ್ಕೇ ಹೋಗಬೇಕಾ?

ಬೂಸ್ಟ್‌ಬಾಬು:
1.6 ಲೀಟರ್ ಪೆಟ್ರೋಲ್ ಎಂಜಿನ್, ಮೂಲದಲ್ಲಿ ಟರ್ಬೊ ಇಲ್ಲದ್ದು, 110 ಎಚ್‌ಪಿ. ಈಗ ಟರ್ಬೊ ಕೂರಿಸಿ 0.7 ಬಾರ್ ಬೂಸ್ಟ್‌ಗೆ (ಟರ್ಬೊ ತುಂಬೋ ಹೆಚ್ಚುವರಿ ಗಾಳಿ ಒತ್ತಡ) ಟ್ಯೂನ್ ಆಗಿದೆ, ಡೈನೊದಲ್ಲಿ (ಶಕ್ತಿ ಅಳೆಯೋ ಯಂತ್ರ) ಸುಮಾರು 190 ಎಚ್‌ಪಿ. ಪ್ಲಗ್ ಮಾತ್ರ ಹಳೇದೇ, ಎನ್‌ಜಿಕೆ ಬಿಕೆಆರ್6ಇ-11. ಫುಲ್ ಬೂಸ್ಟ್ ಬಂದ ತಕ್ಷಣ ಮಿಸ್ ಹೊಡೀತಿದೆ. 'ಸೀದಾ 8 ಹಾಕು' ಅಂತಾರೆ ಕೆಲವರು. ದಿನಾ ಓಡಿಸೋ ಗಾಡಿ, ಟ್ರಾಫಿಕ್ಕೇ ಜಾಸ್ತಿ. ಏನು ಮಾಡಲಿ?

ಪಿಂಗಾಣಿ:
ನಿಮ್ಮ ಮಿಸ್ಸಿಗೂ ಹೀಟ್ ರೇಂಜಿಗೂ (ಆ 6, 7, 8 ಅದರ ನಂಬರ್; ಎನ್‌ಜಿಕೆಯಲ್ಲಿ ಏರಿದಷ್ಟೂ ಕೋಲ್ಡ್) ಬಹುಶಃ ಸಂಬಂಧವಿಲ್ಲ. ಕೊನೆಯ '-11' ಅಂದರೆ ಗ್ಯಾಪ್ (ಕಿಡಿ ಹಾರೋ ಸಂದು) 1.1 ಮಿ.ಮೀ. ಬೂಸ್ಟ್‌ನಲ್ಲಿ ಸಿಲಿಂಡರ್ ಒಳಗೆ ಒತ್ತಡ ಏರಿದಷ್ಟೂ ಕಿಡಿ ಹಾರೋಕೆ ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ ಅಷ್ಟು ಕೊಡದೇ ಹೋದರೆ ಕಿಡಿಯೇ ಆರಿಹೋಗುತ್ತೆ. ಮೊದಲು ಗ್ಯಾಪ್ 0.7ಕ್ಕೆ ಇಳಿಸಿ.

ಹೀಟ್ ರೇಂಜ್ ಬೇರೆ ಲೆಕ್ಕ. ಪ್ಲಗ್ಗಿನ ತುದಿ ಶಾಖವನ್ನು ಎಷ್ಟು ಬೇಗ ಹೆಡ್ಡಿಗೆ (ಪ್ಲಗ್ ಕೂರೋ ಸಿಲಿಂಡರ್ ಮುಚ್ಚಳ) ಬಿಟ್ಟುಕೊಡುತ್ತೆ ಅನ್ನೋದಷ್ಟೇ ಅದು. ಪಿಂಗಾಣಿಯ ಮೂತಿ ಗಿಡ್ಡವಾಗಿದ್ದರೆ ಕೋಲ್ಡ್, ಉದ್ದವಾಗಿದ್ದರೆ ಹಾಟ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಸಿ ತಾನೇ ಸುಟ್ಟುಹೋಗುತ್ತೆ; 800 ದಾಟಿದರೆ ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳೋ ಅಪಾಯ, ಆಮೇಲೆ ಪಿಸ್ಟನ್ ತೂತು. 75ರಿಂದ 100 ಎಚ್‌ಪಿ ಏರಿದರೆ ಒಂದು ಹೆಜ್ಜೆ ಕೋಲ್ಡ್ ಅನ್ನೋದು ಸ್ಥೂಲ ಲೆಕ್ಕ. ನಿಮಗೆ ಏರಿದ್ದು 80, ಹಾಗಾಗಿ 7. ಟ್ರಾಫಿಕ್ಕಲ್ಲಿ 8 ಹಾಕಿದರೆ ತುದಿ ಬಿಸಿಯೇ ಆಗಲ್ಲ. ಮಸಿ ಕೂತು ಅದರ ಮೇಲಿಂದಲೇ ಕರೆಂಟ್ ಸೋರಿ, ಈಗ ಬೂಸ್ಟ್‌ನಲ್ಲಿರೋ ಮಿಸ್ ಐಡಲ್‌ಗೆ ಬರುತ್ತೆ.

ಕ್ಯಾಮ್‌ಶಾಫ್ಟ್:
ಮೇಲಿನದಕ್ಕೆ ಒಪ್ಪಿಗೆ. ಆದರೆ 6ನ್ನೇ ಬಗ್ಗಿಸಿ 1.1ರಿಂದ 0.7ಕ್ಕೆ ತರಬೇಡಿ, ಗ್ರೌಂಡ್ ಸ್ಟ್ರಾಪ್ (ತುದಿಯ ಮೇಲೆ ಬಾಗಿರೋ ಲೋಹದ ಪಟ್ಟಿ) ಓರೆಯಾಗುತ್ತೆ. '-11' ಇಲ್ಲದ ಬಿಕೆಆರ್7ಇ ತಗೊಳ್ಳಿ, ಅದು 0.8ರಲ್ಲೇ ಬರುತ್ತೆ, ಚೂರು ತಟ್ಟಿದರೆ ಸಾಕು. ಅಳೆಯೋಕೆ ವೈರ್ ಗೇಜ್. ಇರಿಡಿಯಂ ಆದರೆ ನಡುವಿನ ಎಲೆಕ್ಟ್ರೋಡಿಗೆ ಏನನ್ನೂ ಆನಿಸಿ ಮೀಟಬೇಡಿ, ಮುರಿದು ಸಿಲಿಂಡರ್ ಒಳಗೆ ಬೀಳಬಹುದು.

ಇನ್ನೊಂದು, ಬ್ರಾಂಡ್ ಬದಲಾಯಿಸೋರಿಗೆ: ಎನ್‌ಜಿಕೆ, ಡೆನ್ಸೊದಲ್ಲಿ ನಂಬರ್ ಏರಿದರೆ ಕೋಲ್ಡ್, ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ. ಎನ್‌ಜಿಕೆ 6 ಅಂದರೆ ಡೆನ್ಸೊ 20, 7 ಅಂದರೆ 22. ಬಾಷ್‌ನಲ್ಲಿ 'ದೊಡ್ಡ ನಂಬರ್' ಕೇಳಿ ತಂದರೆ ಇನ್ನಷ್ಟು ಹಾಟ್ ಪ್ಲಗ್ ಕೈಗೆ ಬರುತ್ತೆ!

ಬೂಸ್ಟ್‌ಬಾಬು:
ಧನ್ಯವಾದ. ಕೋಲ್ಡ್ ಪ್ಲಗ್ ಹಾಕಿದರೆ ನಾಕಿಂಗೂ (ಮಿಶ್ರಣ ತಾನಾಗೇ ಸಿಡಿದು ಬರೋ ಟಕಟಕ ಸದ್ದು) ನಿಲ್ಲುತ್ತಾ? 7 ಸರಿಹೋಯ್ತು ಅಂತ ಗೊತ್ತಾಗೋದು ಹೇಗೆ?

ಪಿಂಗಾಣಿ:
ನಾಕಿಂಗ್‌ಗೆ ಪ್ಲಗ್ ಮದ್ದಲ್ಲ ಸಾರ್. ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಇದ್ದರೆ, ಕಿಡಿಯ ಟೈಮಿಂಗ್ ಮುಂದಿದ್ದರೆ ಅದನ್ನು ಟ್ಯೂನ್‌ನಲ್ಲೇ ಸರಿಮಾಡಬೇಕು.

ನೋಡೋ ಕ್ರಮ: ಹೊಸ ಪ್ಲಗ್ ಹಾಕಿ ಡೈನೊದಲ್ಲಿ ಫುಲ್ ಲೋಡ್ ಓಡಿಸಿ, ಥ್ರಾಟಲ್ ಬಿಟ್ಟ ಕ್ಷಣವೇ ಎಂಜಿನ್ ಆಫ್ ಮಾಡಿ, ಆರಿದ ಮೇಲೆ ಬಿಚ್ಚಿ. ಐಡಲ್‌ಗೆ ಬಿಟ್ಟು ಆಮೇಲೆ ತೆಗೆದರೆ ಕಾಣೋದು ಐಡಲ್ ಮಸಿ. ಗ್ರೌಂಡ್ ಸ್ಟ್ರಾಪ್ ಮೇಲೆ ಬಣ್ಣ ಬದಲಾದ ಗೆರೆ ಇರುತ್ತೆ. ಅದು ಬಾಗಿದ ಜಾಗದ ಆಸುಪಾಸಿದ್ದರೆ ಸರಿ. ತುದಿಯಲ್ಲಿದ್ದರೆ ಪ್ಲಗ್ ತೀರಾ ಕೋಲ್ಡ್. ಥ್ರೆಡ್ ಕಡೆಗೆ ಇಳಿದಿದ್ದರೆ ಹಾಟ್. ಪಿಂಗಾಣಿ ಮೇಲೆ ಹೊಳೆಯೋ ಸಣ್ಣ ಚುಕ್ಕೆ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಮತ್ತೆ ಬೂಸ್ಟ್ ಕೊಡಬೇಡಿ.

ಕ್ಯಾಮ್‌ಶಾಫ್ಟ್:
ಹೆಡ್ ತಣ್ಣಗಿರುವಾಗಲೇ ಹಾಕಿ, ಮೊದಲು ಕೈಯಲ್ಲೇ ತಿರುಗಿಸಿ. 14 ಮಿ.ಮೀ. ಥ್ರೆಡ್‌ಗೆ 25ರಿಂದ 30 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ, ಹೊಸ ವಾಷರ್ ಆದರೆ ಕೈಬಿಗಿ ಆದಮೇಲೆ ಅರ್ಧ ಸುತ್ತು. ಆ್ಯಂಟಿ-ಸೀಜ್ (ಅಂಟಿಕೊಳ್ಳದಂತೆ ಥ್ರೆಡ್ಡಿಗೆ ಹಚ್ಚೋ ಪೇಸ್ಟ್) ಬಳಿಯಬೇಡಿ, ಜಾರಿಕೆ ಹೆಚ್ಚಾಗಿ ಅದೇ ಟಾರ್ಕ್‌ಗೆ ಅತಿಯಾಗಿ ಬಿಗಿಯಾಗುತ್ತೆ, ಹೆಡ್ಡಿನ ಥ್ರೆಡ್ ಕಿತ್ತುಬರುತ್ತೆ. ಸಡಿಲ ಬಿಟ್ಟರೂ ತೊಂದರೆಯೇ: ಶಾಖ ಹೆಡ್ಡಿಗೆ ಇಳಿಯಲ್ಲ, 7 ಹಾಕಿದರೂ ತುದಿ ಕಾಯುತ್ತೆ.